ಎಡಕ್ಕೆ ಹೋದ ಕಿರಣ

ನನ್ನ ಗೈಡ್ ಮೇಡಂ ಅವರ ಎಡಗೈ ಮಣಿಕಟ್ಟಿನಲ್ಲಿ ಬಳೆಯಷ್ಟು ಅಗಲದ ಬಿಳಿ ಗುರುತೊಂದಿತ್ತು. ಲ್ಯಾಬಿನ ಬಾಗಿಲಲ್ಲೇ ಚಿನ್ನದ ಬಳೆ ಕಳಚಿ, ಸೆರಗಿನ ತುದಿಗೆ ಗಂಟು ಹಾಕಿ, ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಅವರು ಒಳಗೆ ಬರುತ್ತಿದ್ದುದು. ಬಳೆ ತಾಗಿ ಬೋರ್ಡಿನ ತಾಮ್ರಕ್ಕೆ ಗೀರು ಬೀಳಬಾರದಲ್ಲ. ಮಣಿಪಾಲದಲ್ಲಿ ದೊಡ್ಡ ಪ್ರೊಫೆಸರ್. ನಡಿಗೆ ಮಾತ್ರ ಮೀನು ಮಾರ್ಕೆಟ್ಟಿಗೆ ಹೊರಟವರದ್ದು.

ನಾವು ಮಾಡುತ್ತಿದ್ದದ್ದು ಆಂಟೆನಾ. ಮನೆ ಮೇಲಿನ ಡಿಶ್ ಬಟ್ಟಲಿನ ಹಾಗೆ ಬಾಗಿರುತ್ತದೆ. ನಮ್ಮದು ನೆಲದ ಟೈಲ್ಸಿನ ಹಾಗೆ ಚಪ್ಪಟೆ ಬೋರ್ಡ್. ಅದರ ಮೈತುಂಬ ತಾಮ್ರದ ಉಂಗುರಗಳು, ಒಂದೊಂದರ ಅಳತೆ ಒಂದೊಂದು. ಎದುರಿಂದ ಬಂದ ಅಲೆಯನ್ನು ಪ್ರತಿ ಉಂಗುರವೂ ತನ್ನ ಅಳತೆಗೆ ತಕ್ಕಂತೆ ಚೂರು ತಡಮಾಡಿ ಹಿಂದೆ ಕಳಿಸುತ್ತದೆ. ತಡ ಸರಿಹೊಂದಿದರೆ ಅಲೆಗಳೆಲ್ಲ ಸೇರಿ ಒಂದು ಕಿರಣವಾಗಿ ಒಂದೇ ದಿಕ್ಕಿಗೆ ಹೋಗುತ್ತವೆ. ತೊಂದರೆ ಎಂತ ಅಂದರೆ, ಒಂದು ಫ್ರೀಕ್ವೆನ್ಸಿಯಲ್ಲಿ ಚಂದ ನಡೆದದ್ದು ಸ್ವಲ್ಪ ಆಚೀಚೆ ಆದರೆ ಕೈಕೊಡುತ್ತದೆ. ಹಾಗಾಗದಂತೆ ಉಂಗುರದೊಳಗೆ ಉಂಗುರ ಇಟ್ಟು ನೋಡುವುದೇ ನನ್ನ ಪಿಎಚ್‌ಡಿ. ಗ್ರಾಫ್ ಹಿಡಿದು ಖುಷಿಯಲ್ಲಿ ಹೋದರೆ ಮೇಡಂ ನಡುಭಾಗವನ್ನು ಅಂಗೈಯಿಂದ ಮುಚ್ಚಿ, “ನಡುವಲ್ಲಿ ಎಲ್ಲರದ್ದೂ ಚಂದವೇ ಮಾರಾಯ್ತಿ, ಅಂಚಿನಲ್ಲಿ ಎಂತ ಉಂಟು ನೋಡುವಾ” ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಾಪುವಿನ ಮನೆಯಲ್ಲಿ ಅಮ್ಮನ ತಾಳ್ಮೆ ಮುಗಿದಿತ್ತು. “ಆ ತಾಮ್ರದ ಬಳೆಗಳ ಚಿತ್ರ ಬಿಡಿಸುವ ಕೆಲಸ ಇನ್ನೆಷ್ಟು ವರ್ಷ?” ಎಂದು ತುಳುವಿನಲ್ಲಿ ಚುಚ್ಚುತ್ತಿದ್ದರು. ಹಿರಿಯಡ್ಕದ ಶಾಲೆಯೊಂದರಲ್ಲಿ ಗಣಿತದ ಟೀಚರ್ ಕೆಲಸ ಕಾದಿತ್ತು. ಈ ಬೋರ್ಡ್ ನಡೆಯದಿದ್ದರೆ ಎಲ್ಲ ಬಿಟ್ಟು ಶಾಲೆಗೆ ಸೇರುತ್ತೇನೆ ಎಂದು ಅಮ್ಮನಿಗೆ ಮಾತು ಕೊಟ್ಟುಬಿಟ್ಟೆ.

ಬೋರ್ಡ್ ನಡೆಯಲಿಲ್ಲ. ಕಿರಣ ಬಲಕ್ಕೆ ವಾಲಿ ಹೋಗಬೇಕಿತ್ತು. ಬಲಬದಿಯನ್ನು ಎಷ್ಟು ಅಳೆದರೂ ಸಿಗ್ನಲ್ ಇಲ್ಲ. ಬ್ಯಾಗ್ ಹೆಗಲಿಗೆ ಹಾಕಿಕೊಂಡು, “ನಾನು ಬಿಡ್ತೇನೆ ಮೇಡಂ” ಎಂದೆ. ಅವರು ಸಮಾಧಾನ ಗಿಮಾಧಾನ ಏನೂ ಹೇಳಲಿಲ್ಲ.

“ಬಿಡು. ಆದರೆ ಅಲೆ ಎಲ್ಲಿಗೆ ಹೋಯಿತು ಹೇಳಿ ಬಿಡು. ನುಂಗಿ ನೀರು ಕುಡಿಯಲಿಕ್ಕೆ ತಾಮ್ರಕ್ಕೆ ಬಾಯಿ ಉಂಟಾ?”

ನಾನು ಮುಖ ಊದಿಸಿಕೊಂಡು ನಿಂತೆ. ಅವರೇ ಆಂಟೆನಾವನ್ನು ತಿರುಗಿಸಿ ಎಡಬದಿಯನ್ನು ಅಳೆಯತೊಡಗಿದರು. ಪರದೆಯ ಮೇಲೆ ಸಿಗ್ನಲ್ ಎದ್ದು ನಿಂತಿತು. ಬೋರ್ಡ್ ಮಾಡುವಾಗ ಉಂಗುರಗಳ ನಕ್ಷೆಯಿದ್ದ ಫಿಲ್ಮ್ ಮಗುಚಿಬಿದ್ದು, ಇಡೀ ನಕ್ಷೆ ತಾಮ್ರದ ಮೇಲೆ ಕನ್ನಡಿಯಲ್ಲಿ ಕಂಡಂತೆ ಅಚ್ಚಾಗಿತ್ತು. ಅಕ್ಷರವಾದರೆ ಉಲ್ಟಾ ಎಂದು ಗೊತ್ತಾಗುತ್ತದೆ; ಉಂಗುರಕ್ಕೆ ಎಡ ಯಾವುದು, ಬಲ ಯಾವುದು? ಫ್ರೀಕ್ವೆನ್ಸಿಯನ್ನು ಈ ಅಂಚಿನಿಂದ ಆ ಅಂಚಿಗೆ ಸರಿಸಿ ಅಳೆದೆವು. ಕಿರಣ ಕದಲಲಿಲ್ಲ. “ನಿನ್ನ ಲೆಕ್ಕ ಸರಿಯೇ ಉಂಟಲ್ಲ” ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಶಾಲೆಗೆ ಹೋಗಲಿಲ್ಲ.

ನನಗೆ ಪಿಎಚ್‌ಡಿ ಬರುವಾಗ ಅವರು ನಿವೃತ್ತರಾಗಿ, ಕಾರ್ಕಳದ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನೋಡಲು ಹೋದೆ. ಕಷ್ಟಪಟ್ಟು ಎದ್ದು ಕುಳಿತು, “ಬನ್ನಿ ಡಾಕ್ಟ್ರೇ, ಕುಳಿತುಕೊಳ್ಳಿ” ಎಂದರು.

“ಎಂತ ಮೇಡಂ, ನನ್ನನ್ನು ಬನ್ನಿ ಅಂತೀರಾ?”

“ಕಲಿಯುವಷ್ಟು ದಿನ ನೀನು. ಕಲಿತ ಮೇಲೆ ನೀವು. ನನ್ನ ಕ್ರಮ ಅದು” ಎಂದು ನಕ್ಕರು. ಆ ದಿನ ಹೊರಡುವವರೆಗೂ ಕ್ರಮ ತಪ್ಪಲಿಲ್ಲ. ಆಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ.

ಈಗ ಕಾಲೇಜಿನಲ್ಲಿ ಎಲ್ಲರೂ ನನ್ನನ್ನು ನೀವು ಎನ್ನುತ್ತಾರೆ. ಆ ಮರ್ಯಾದೆಯಷ್ಟೂ ಮೇಡಂ ಕೊಡಿಸಿದ್ದು, ಸಾಯುವವರೆಗೂ ಮರೆಯುವವಳಲ್ಲ. ಆದರೂ ನಿಜ ಹೇಳುತ್ತೇನೆ: ಆ ದಿನ ಜಗಳವಾಡಿಯಾದರೂ ಅವರ ಬಾಯಿಂದ ಇನ್ನೊಮ್ಮೆ ‘ನೀನು’ ಅನ್ನಿಸಿಕೊಂಡು ಬರಬೇಕಿತ್ತು.