ಬಾಳೆಎಲೆಯ ಮೇಲೆ ಶಫಿ ಬ್ರದರ್

ತಿಂಗಳಿಗೊಮ್ಮೆ ಕಮಲಾಪುರದ ನನ್ನ ಬಾಳೆಹಣ್ಣಿನ ಮಂಡಿಯಲ್ಲಿ ಬಿಳಿ ಅಂಗಿಯ ದಪ್ಪ ಮನುಷ್ಯರೊಬ್ಬರು ಎಲೆ ಹಾಸಿದ ನೆಲದ ಮೇಲೆ ಕಣ್ಣು ಮುಚ್ಚಿ ಮಲಗಿರುತ್ತಿದ್ದರು. ಅವರು ಸರ್ಕಾರಿ ಆಸ್ಪತ್ರೆಯ ನರ್ಸ್ ಶಫಿ ಬ್ರದರ್. ಅಪಘಾತದಲ್ಲಿ ಬಿದ್ದವರನ್ನು ಹೇಗೆ ಎತ್ತಬೇಕೆಂದು ನಮ್ಮ ಹಮಾಲರಿಗೆ ಕಲಿಸಲು ತಾವೇ ಗಾಯಾಳು ಆಗುತ್ತಿದ್ದರು.

"ಕೆಂಪು ಬಾಳಿ ಗೊನಿ ಎತ್ತೂಮುಂದ ಒಂದು ಹಣ್ಣಿಗೂ ಪೆಟ್ಟು ಬೀಳಂಗಿಲ್ಲ, ಹೌದಿಲ್ಲೊ? ನಾನೂ ಒಂದು ಗೊನಿ ಅಂತ ತಿಳೀರಿ."

"ಇಷ್ಟು ದೊಡ್ಡ ಗೊನಿ ನಮ್ಮ ಕಡಿ ಬೆಳೆಯಂಗಿಲ್ರೀ ಬ್ರದರ್" ಎಂದು ಯಾರಾದರೂ ಅಂದರೆ, ಕಣ್ಣು ಮುಚ್ಚಿಯೇ ಹೊಟ್ಟೆ ಕುಣಿಸಿ ನಗುತ್ತಿದ್ದರು.

ಈ ಪಾಠ ಶುರುವಾದದ್ದು ನನ್ನಿಂದ. ನಮ್ಮ ಹಮಾಲ ಮಲ್ಲಪ್ಪ ಲಾರಿಯಿಂದ ಬಿದ್ದಾಗ, ನಾನು ಗಾಬರಿಯಲ್ಲಿ ಅವನ ರಟ್ಟೆ ಹಿಡಿದೆಬ್ಬಿಸಿ ಜೀಪಿಗೆ ತುಂಬಿದ್ದೆ. ಬೆನ್ನುಮೂಳೆ ಮುರಿದಿತ್ತು. ಕಾಲುಗಳು ಬಿದ್ದಾಗಲೇ ಹೋಗಿದ್ದವೋ, ನಾನು ಎಳೆದಾಗ ಹೋದವೋ, ಕಲಬುರಗಿಯ ಡಾಕ್ಟರಿಗೂ ಹೇಳಲಾಗಲಿಲ್ಲ. ಅಂದಿನಿಂದ ಬಿದ್ದವರನ್ನು ಮುಟ್ಟುವುದನ್ನೇ ಬಿಟ್ಟೆ. ಪಾಠದ ಹೊತ್ತಿಗೆ ತಕ್ಕಡಿಯ ಹಿಂದೆ ಕೂತುಬಿಡುತ್ತಿದ್ದೆ.

ಶಫಿ ಬ್ರದರ್ ವಾರವಾರ ಮಲ್ಲಪ್ಪನ ಮನೆಗೆ ಹೋಗಿ ಬೆನ್ನಿನ ಹುಣ್ಣು ತೊಳೆದು, ನೋವಿನ ಗುಳಿಗೆ ಕೊಟ್ಟು ಬರುತ್ತಿದ್ದರು. ಒಂದು ದಿನ ಅವನನ್ನು ಗಾಲಿಕುರ್ಚಿಯಲ್ಲಿ ಮಂಡಿಗೇ ತಂದರು.

"ಮನ್ಯಾಗ ಜಂತಿ ಎಣಿಸೋದು ಸಾಕು. ರೋಡಿನ ಮ್ಯಾಲ ಯಾರರ ಬಿದ್ರ ಆಂಬುಲೆನ್ಸಿಗಿ, ಕಲಬುರಗಿ ದವಾಖಾನಿಗಿ ಫೋನ್ ಹಚ್ಚಾಂವ ನೀನು. ಇವರಿಗಿ ಹುಕುಂ ಕೊಡಾಂವನೂ ನೀನೇ."

ಆಮೇಲೆ ನಮ್ಮೂರಿಂದ ಹೋದ ಗಾಯಾಳುಗಳಿಗೆ ಕಲಬುರಗಿಯಲ್ಲಿ ಸ್ಟ್ರೆಚರ್ ಬಾಗಿಲಲ್ಲೇ ಕಾಯುತ್ತಿತ್ತು. ಹುಕುಂ ಕೊಡುವ ಮಲ್ಲಪ್ಪನ ಗಂಟಲು ಮಾತ್ರ ಯಾರ ಅಂಕೆಗೂ ಸಿಗಲಿಲ್ಲ.

ನಿವೃತ್ತಿಯ ದಿನ ಶಫಿ ಬ್ರದರ್ ಕೊನೆಯ ಸಲ ಎಲೆಯ ಮೇಲೆ ಮಲಗಿದರು. ಎತ್ತುವಾಗ ತಲೆ ಅಲುಗದಂತೆ ಹಿಡಿಯುವ ಹಮಾಲ ಅಂದು ಬಂದಿರಲಿಲ್ಲ.

"ಸಾವ್ಕಾರ್ರ, ತಲಿ ನೀವು ಹಿಡೀರಿ" ಎಂದ ಮಲ್ಲಪ್ಪ.

"ನನ್ನ ಕೈ ಬ್ಯಾಡೋ. ನಿನಗ ಏನು ಮಾಡ್ಯಾವ ಗೊತ್ತದಲ್ಲ."

"ಅದಕ್ಕೇ ಹೇಳ್ಲತ್ತೀನಿ. ಆ ಕೈಗಿ ಪಾಠ ಬ್ಯಾಡೇನು? ಕುಂಡ್ರಿ."

ಮೊಣಕಾಲೂರಿ ಆ ಬೋಳುತಲೆಯನ್ನು ಎರಡೂ ಕೈಯಲ್ಲಿ ಹಿಡಿದೆ.

"ಪೇಶಂಟ್ ನಾನು, ನಡಗೋರು ನೀವು" ಎಂದರು ಶಫಿ ಬ್ರದರ್, ಕಣ್ಣು ತೆರೆಯದೆ.

ಎಲ್ಲರೂ ಒಟ್ಟಿಗೆ ಎತ್ತಿ ಹಲಗೆಯ ಮೇಲೆ ಇಟ್ಟೆವು. ತಲೆ ಅಲುಗಲಿಲ್ಲ.

ಈಗ ಅವರು ಕಲಬುರಗಿಯ ಮೋಮಿನಪುರದ ಮನೆಯಲ್ಲಿ ಮೊಮ್ಮಕ್ಕಳ ಕೈಗೆ ಸಿಕ್ಕಿದ್ದಾರೆ. ತಿಂಗಳಿಗೊಮ್ಮೆ ಎಲೆಯ ಮೇಲೆ ಮಲಗುವವನು ನಾನು. ಕಣ್ಣು ಮುಚ್ಚಿದೊಡನೆ ಮಲ್ಲಪ್ಪನ ಹುಕುಂ ಕೇಳುತ್ತದೆ:

"ಹುಷಾರ್ ರೀ, ಹಳೀ ಮಾಲು."