ಕಾಂಪೌಂಡಿನ ಬುಡದ ಮಲ್ಲಿಗೆ

ಶ್ರೀರಾಂಪುರದ ನಮ್ಮ ಮನೆಯ ಹಿಂದೆಯೇ ರೈಲು ಹಳಿ. ಇನ್ನೊಂದು ಹಳಿ ಹಾಕಲು ಜಾಗ ತೆಗೆದುಕೊಳ್ಳುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗ, ರೈಲ್ವೆಯಿಂದ ನಿವೃತ್ತರಾದ ನನ್ನ ಗಂಡನ ಬಾಯಿ ಬಿಡಿಸಲು ಬೀದಿಯವರೆಲ್ಲ ನೋಡಿದರು.

“ನಂಗೇನೂ ಗೊತ್ತಿಲ್ಲ ಕಣ್ರೀ” ಎಂದರು. ಯಾರೂ ನಂಬಲಿಲ್ಲ. ನಾನೂ ಅಷ್ಟೆ.

ದಸರೆಗೆ ಹಿಂದಿನ ಕಾಂಪೌಂಡಿಗೆ ಬಣ್ಣ ಹೊಡೆಸಿ ಎಂದೆ.

“ಈ ವರ್ಷ ಬೇಡ ಬುಡು.”

“ಯಾಕೆ?”

“ಸುಮ್ನೆ.”

ಜೀವಮಾನವೆಲ್ಲ ಸಿಗ್ನಲ್ ನೋಡಿಕೊಂಡವರು ಸುಮ್ಮಸುಮ್ಮನೆ ಬೇಡವೆನ್ನುತ್ತಾರೆಯೇ? ಮಧ್ಯಾಹ್ನ ಅವರು ಮಲಗಿದ್ದಾಗ ಆ ಗೋಡೆಯ ಬುಡದ ಮಲ್ಲಿಗೆಯನ್ನು ಅಗೆದು ಕುಂಡಕ್ಕೆ ಹಾಕಿದೆ. ಪಕ್ಕದ ಮನೆಯಾಕೆ ನೋಡಿದಳು.

ಬೆಳಿಗ್ಗೆ ಅವಳ ಕರಿಬೇವಿನ ಗಿಡವೂ ಕುಂಡದಲ್ಲಿತ್ತು. ನಮ್ಮ ಮಲ್ಲಿಗೆ ಕುಂಡಕ್ಕೆ ಹೋದದ್ದನ್ನು ಕಾಣದ ನನ್ನ ಗಂಡನ ಕಣ್ಣಿಗೆ ಅದು ಬಿತ್ತು. ಒಳಗೆ ಬಂದು ದನಿ ತಗ್ಗಿಸಿದರು:

“ಪಕ್ಕದ ಮನೆಯವ್ರಿಗೆ ಏನೋ ಗೊತ್ತಾಗ್ಬುಟ್ಟಿದೆ ಕಣೇ.”