ವಿಮಾನದ ಚಕ್ರಕ್ಕೆ ನಿಂಬೆಹಣ್ಣು

ಮಕ್ಕಳೇ, ನಾನು ಚಿಕ್ಕವನಿದ್ದಾಗ ನಾವು ಒಂದು ವಿಮಾನಕ್ಕೆ ಆಯುಧಪೂಜೆ ಮಾಡಿದ್ದೆವು. ಅಂದು ಹಬ್ಬದ ದಿನವೇ ಎಂದು ನನ್ನ ನೆನಪು. ಅಲ್ಲ, ಯಾವುದೋ ಶನಿವಾರ ಎನ್ನುತ್ತಾಳೆ ಅಕ್ಕ. ಕೇಳೋಣವೆಂದರೆ ಈಗ ಅಪ್ಪ ಇಲ್ಲ.

ಡೆಟ್ರಾಯಿಟ್‌ನಿಂದ ಒಂದು ಗಂಟೆಯ ದೂರದಲ್ಲಿ, ಸರೋವರದ ದಡದ ಶೆಡ್ಡಿನಲ್ಲಿ ಆ ವಿಮಾನವಿತ್ತು. ಎರಡು ಮಹಾಯುದ್ಧಗಳ ನಡುವೆ ಸೈನ್ಯಕ್ಕೆಂದು ಪ್ರಯೋಗವಾಗಿ ಕಟ್ಟಿದ್ದು. ದೋಣಿಯಂಥ ಹೊಟ್ಟೆ, ಪಕ್ಕದಲ್ಲಿ ಮಡಚುವ ಚಕ್ರ. ನೆಲದ ಮೇಲೂ ಇಳಿಯುತ್ತಿತ್ತು, ನೀರಿನ ಮೇಲೂ. ಸೈನ್ಯ ಅದನ್ನು ಒಪ್ಪಲಿಲ್ಲವಂತೆ. ಶೆಡ್ಡಿನ ಯಜಮಾನರಾದ ಅಮೆರಿಕನ್ ಮುದುಕರನ್ನು ನಾವು ಅಂಕಲ್ ಎನ್ನುತ್ತಿದ್ದೆವು. ಕಾರು ಕಾರ್ಖಾನೆಯಲ್ಲಿ ಇಂಜಿನಿಯರಾಗಿದ್ದ ಅಪ್ಪ ರಜೆಯ ದಿನಗಳಲ್ಲಿ ಹೋಗಿ, ಅದರ ತಗಡಿನ ಹೊಟ್ಟೆಯ ಬಿರುಕುಗಳನ್ನೆಲ್ಲ ಮುಚ್ಚಿದ್ದರು. ಅಂದು ಅದನ್ನು ನೀರಿಗಿಳಿಸುವುದಿತ್ತು. ಒಳಗೆ ನೀರು ಬಂದರೆ ಬಿಚ್ಚಿ ಮ್ಯೂಸಿಯಮ್ಮಿಗೆ ಕೊಟ್ಟುಬಿಡುವೆನೆಂದು ಅಂಕಲ್ ಹೇಳಿದ್ದರು.

ಮಂಜು ಇನ್ನೂ ನೀರಿನ ಮೇಲೆ ಮಲಗಿತ್ತು. ಗ್ರೀಸಿನ ವಾಸನೆಯೊಳಗೆ ಊದುಬತ್ತಿಯ ಪರಿಮಳ ಸುಳಿಯುತ್ತಿತ್ತು. ಅಪ್ಪ ಎರಡೂ ಚಕ್ರಗಳ ಮುಂದೆ ಅಂಗಡಿಯ ದಪ್ಪ ಹಳದಿ ನಿಂಬೆಹಣ್ಣು ಇಟ್ಟರು.

"ಬಟ್ ಅಪ್ಪಾ, ನೀರಲ್ಲಿ ವೀಲ್ಸ್ ಯೂಸೇ ಆಗಲ್ವಲ್ಲ! ಹೊಟ್ಟೆ ಕೆಳಗೆ ಇಡ್ಬೇಕಿತ್ತು," ಎಂದಳು ಅಕ್ಕ.

"ಸುಮ್ನಿರೇ, ತಲೆಹರಟೆ," ಎಂದರು ಅಪ್ಪ. ಆದರೆ ಅವರ ಮುಖ ಸಪ್ಪಗಾಯಿತು.

ವಿಮಾನ ಇಳಿಜಾರಿನಲ್ಲಿ ಮೆಲ್ಲಗೆ ಹೊರಟಿತು. ಒಂದು ಹಣ್ಣು ಪಚ್ಚೆಂದು ಒಡೆಯಿತು. ಇನ್ನೊಂದು ಜಾರಿ, ಉರುಳಿ, ಸೀದಾ ನೀರಿಗೆ ಬಿತ್ತು.

"ಅಯ್ಯೋ, ಇದ್ಯಾಕೋ ಸರಿ ಹೋಗ್ಲಿಲ್ಲ," ಎಂದರು ಅಪ್ಪ.

ಅಂಕಲ್ ಹಣ್ಣಿನ ಕಡೆ ಬೆರಳು ತೋರಿಸಿ ನಕ್ಕರು. "ಲುಕ್, ಇಟ್ ಫ್ಲೋಟ್ಸ್!"

ವಿಮಾನವೂ ತೇಲಿತು. ಮಂಜಿನಲ್ಲಿ ಅದಕ್ಕೆ ತೂಕವೇ ಇಲ್ಲವೆನಿಸಿತು. ಹಗ್ಗದಿಂದ ಅದನ್ನು ಹಲಗೆಯ ಕಟ್ಟೆಗೆ ಎಳೆದು ನಿಲ್ಲಿಸಿದ ಮೇಲೆ, ಅಪ್ಪ ಟಾರ್ಚ್ ಹಿಡಿದು ಹೊಟ್ಟೆಯೊಳಗೆ ತೆವಳಿದರು. ಎಷ್ಟು ಹೊತ್ತಾಯಿತೋ! ಅಕ್ಕ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಇದನ್ನು ಮಾತ್ರ ಅವಳೂ ಒಪ್ಪುತ್ತಾಳೆ. ಕೊನೆಗೆ ಕಿಂಡಿಯಿಂದ ಅಪ್ಪನ ಕೈ ಹೊರಬಂತು. ಅಂಗೈ ತುಂಬ ಒಣ ಧೂಳು.

"ಡ್ರೈ ಇದೆ ಕಣ್ರೋ! ಒಂದು ತೊಟ್ಟೂ ಇಲ್ಲ!"

ಮಕ್ಕಳೇ, ಮೊನ್ನೆ ನೀವು ಫೋನಿನಲ್ಲಿ ಆ ವಿಮಾನದ ಚಿತ್ರವನ್ನು ಕ್ಷಣದಲ್ಲಿ ಹುಡುಕಿ ತೋರಿಸಿದಿರಿ. ಅದು ಬೆಳ್ಳಿ ಬಣ್ಣದ್ದು, ನನ್ನ ನೆನಪಿನದು ನೀಲಿ. ಇರಲಿ. ಡೆಟ್ರಾಯಿಟ್ ಹತ್ತಿರದ ನೋವೈ ಊರಿನ ನಿಮ್ಮ ಮನೆಯ ಕಾರು, ಚಕ್ರದಲ್ಲಿ ಗಾಳಿ ಕಡಿಮೆಯಾದರೆ ತಾನೇ ಹೇಳುತ್ತದೆ. ನಮ್ಮ ಕಾಲದಲ್ಲಿ ಯಾರಾದರೂ ಕತ್ತಲೊಳಗೆ ತೆವಳಿ ಹೋಗಿ, ಮುಟ್ಟಿ ನೋಡಿ ಬರಬೇಕಿತ್ತು. ಅಲ್ಲಿಯವರೆಗೆ ಉಳಿದವರು ದಡದಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆವು.